ಮೀನು ಹರಾಜಿಗೆ ಮೊದಲು ಕೆರೆಯವರೆಲ್ಲ ಒಟ್ಟಿಗೆ ಕೂರಲಿ

ಮಾನ್ಯರೇ,

ಸೊರಬ, ಸಾಗರ, ಶಿಕಾರಿಪುರದ ಕಡೆ ಕೆರೆಗಳ ಮೀನು ಪಾಶುವಾರು ಹಕ್ಕು (ಮೀನು ಹಿಡಿಯುವ ಹಕ್ಕು) ಹರಾಜಾದಾಗ ಕರಾರಿಗೆ ಸಹಿ ಬೀಳುವುದು ಗುತ್ತಿಗೆದಾರರದ್ದು ಮತ್ತು ಕಚೇರಿಯದ್ದು ಮಾತ್ರ. ತೂಬು ಎತ್ತುವ ನೀರುಗಂಟಿ, ಅಚ್ಚುಕಟ್ಟಿನ ಗದ್ದೆಯವರು, ದಂಡೆ ಮೇಲಿನ ಅಡಿಕೆ ತೋಟದವರು, ದನ ಇಳಿಸುವವರು ಅದರಲ್ಲಿ ಇಲ್ಲ. ಆದರೆ ಮೀನು ಉಳಿಯುವುದು ಅವರ ಕೈಯಲ್ಲಿ.

ಮೊದಲು ನೀರಿನ ವಿಷಯ. ಆಗಸ್ಟ್‌ನಲ್ಲಿ ಬಿಟ್ಟ ಮರಿ ಮಾರುವ ತೂಕಕ್ಕೆ ಬರಬೇಕಾದರೆ ಏಪ್ರಿಲ್‌ವರೆಗೆ ನೀರು ನಿಲ್ಲಬೇಕು. ಬೇಸಿಗೆ ಬೆಳೆಗೆಂದು ಮಾರ್ಚ್‌ನಲ್ಲೇ ತೂಬು ಪೂರ್ತಿ ಎತ್ತಿದರೆ ನೀರು ಮಂಡಿಯುದ್ದಕ್ಕೆ ಇಳಿದು ಕಾಯುತ್ತದೆ. ಬೆಳಗಿನ ಜಾವ ನೀರಿನಲ್ಲಿ ಆಮ್ಲಜನಕ ಸಾಲದೆ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತವೆ. ಗುತ್ತಿಗೆದಾರರು ಗಾಬರಿಯಿಂದ ಎಲ್ಲವನ್ನೂ ಒಂದೇ ವಾರದಲ್ಲಿ ಹಿಡಿದು ಸಿಕ್ಕ ಬೆಲೆಗೆ ಕೊಡುತ್ತಾರೆ. ಏರಿ ಬದಿಯ ಆಳದಲ್ಲಿ ಕನಿಷ್ಠ 5 ಅಡಿ ನೀರು ಉಳಿಯುವ ಮಟ್ಟಕ್ಕೆ ತೂಬಿನ ಕಂಬದ ಮೇಲೆ ಕೆಂಪು ಗೆರೆ ಎಳೆಯಿರಿ. ಗೆರೆ ಎಲ್ಲಿ ಬರಬೇಕೆಂದು ಗದ್ದೆಯವರೇ ನಿಂತು ಒಪ್ಪಿಕೊಳ್ಳಲಿ. ಅವರು ಒಪ್ಪದ ಗೆರೆಗೆ ಬೆಲೆಯಿಲ್ಲ.

ಎರಡನೆಯದು ಮಲೆನಾಡಿಗೇ ಸೇರಿದ ತೊಂದರೆ, ಇದನ್ನು ಯಾವ ಟೆಂಡರ್ ಷರತ್ತಿನಲ್ಲೂ ನಾವು ಕಂಡಿಲ್ಲ. ಅಡಿಕೆಯ ಕೊಳೆರೋಗಕ್ಕೆ ಎರಡನೇ ಸಲ ಬೋರ್ಡೋ ದ್ರಾವಣ ಹೊಡೆಯುವ ಹೊತ್ತಿಗೇ ಕೆರೆಗೆ ಮರಿ ಬರುತ್ತದೆ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ ಎಂಬ ಲೆಕ್ಕ ಎಲ್ಲರಿಗೂ ಗೊತ್ತು. ಮೈಲುತುತ್ತದಲ್ಲಿರುವ ತಾಮ್ರ ಮೀನಿಗೆ ವಿಷ, ಅದರಲ್ಲೂ ಸುಣ್ಣದಂಶ ಕಡಿಮೆಯಿರುವ ನಮ್ಮ ಮೆದು ನೀರಿನಲ್ಲಿ ಅದರ ಬಾಧೆ ಹೆಚ್ಚು. ತೋಟಕ್ಕೆ ಔಷಧಿ ಬೇಡವೆನ್ನಲು ಆಗದು. ಡ್ರಮ್ಮು, ಪೈಪು ಕೆರೆಯಲ್ಲಿ ತೊಳೆಯುವುದನ್ನು ಮಾತ್ರ ನಿಲ್ಲಿಸಬೇಕು. ತೊಳೆದ ನೀರು ಕೆರೆಗೆ ಹರಿಯದ ಕಡೆ ಒಂದು ಗುಂಡಿ ತೆಗೆದರೆ ಸಾಕು. ಹೊಡೆಯುವ ಮೊದಲು ಕತ್ತಿಯ ಅಲಗನ್ನು ದ್ರಾವಣದಲ್ಲಿ ಅದ್ದಿ ನೋಡಿ: ಕೆಂಪು ಬಣ್ಣ ಹತ್ತಿದರೆ ತಾಮ್ರ ಬಿಡಿಯಾಗಿ ಉಳಿದಿದೆ, ಇನ್ನಷ್ಟು ಸುಣ್ಣದ ತಿಳಿ ಹಾಕಬೇಕು. ಹಾಗೇ ಹೊಡೆದರೆ ಅಡಿಕೆಯ ಗೊನೆಯೂ ಸುಡುತ್ತದೆ. ಹಾಗಾಗಿ ಈ ಪರೀಕ್ಷೆಯಲ್ಲಿ ತೋಟದವರ ಲಾಭವೂ ಇದೆ.

ಮರಿ ಬಿಡುವವರಿಗೂ ಹೊಣೆ ಇದೆ. ಕೈಯಿಂದ ಆಹಾರ ಹಾಕದ ಕೆರೆಗೆ ಹೆಕ್ಟೇರಿಗೆ 2ರಿಂದ 3 ಸಾವಿರ ಬಲಿತ ಮರಿ ಸಾಕು. 10 ಮರಿಯಲ್ಲಿ ಕಾಟ್ಲಾ 4, ರೋಹು 3, ಮೃಗಾಲ್ 3. ಮರಿ ನಾಲ್ಕು ಇಂಚಿನದ್ದಿರಲಿ. ಸಣ್ಣ ಮರಿಯನ್ನು ಅಗ್ಗವೆಂದು ತಂದರೆ ಕೊರವ ಮೀನಿನ ಹೊಟ್ಟೆಗೆ ಹೋಗುತ್ತದೆ. ಸಾಮಾನ್ಯ ಗೆಂಡೆ ಏರಿಯ ಮಣ್ಣು ಕೆದಕುತ್ತದೆಂಬ ಗದ್ದೆಯವರ ದೂರು ನಿಜ. ಮಣ್ಣಿನ ಏರಿ ಹಳೆಯದಾಗಿದ್ದರೆ ಆ ಗೆಂಡೆಯನ್ನು ಬಿಡುವುದೇ ಬೇಡ. ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಗೆ ನಿಷೇಧವಿದೆ, ಯಾರು ತಂದರೂ ಊರವರು ತಡೆಯಬೇಕು. ಮೀನು ಹೊರಗೆ ಹೋಗದಿರಲೆಂದು ಕೋಡಿಗೆ ಸಣ್ಣ ಕಣ್ಣಿನ ಬಲೆ ಬಿಗಿದರೆ ಎಲೆ, ಕಸ ಕಟ್ಟಿ ನೀರು ಏರಿಯ ಮೇಲೆ ಹರಿಯುತ್ತದೆ, ಹೀಗೂ ಏರಿ ಒಡೆಯುತ್ತದೆ. ಬಿದಿರಿನ ತಟ್ಟಿಯನ್ನು ಓರೆಯಾಗಿ ನಿಲ್ಲಿಸಿ, ಜಡಿಮಳೆಯಲ್ಲಿ ಬೆಳಿಗ್ಗೆ ಸಂಜೆ ಕಸ ತೆಗೆಯಲು ಆಳು ಇಡಬೇಕು. ಆ ಕೂಲಿ ಗುತ್ತಿಗೆದಾರರದ್ದು.

ಇನ್ನು ಕೆರೆಬೇಟೆ. ಬಿದಿರಿನ ಬುಟ್ಟಿಯಂಥ ಕೂಣಿ ಹಿಡಿದು ಊರಿಗೆ ಊರೇ ಕೆರೆಗಿಳಿಯುವ ಪದ್ಧತಿಯನ್ನು ಕರಾರು ಲೆಕ್ಕಕ್ಕೇ ತೆಗೆದುಕೊಳ್ಳದಿದ್ದರೆ ರಾತ್ರಿ ಬಲೆ ಬೀಳುತ್ತದೆ, ಆಮೇಲೆ ಪೊಲೀಸ್ ಠಾಣೆ. ಗುತ್ತಿಗೆದಾರರ ಕೊನೆಯ ಬಲೆ ಮುಗಿದ ಮೇಲೆ ಒಂದು ದಿನ ಬೇಟೆಗೆಂದು ಮೊದಲೇ ಬರೆದಿಡಲಿ. ಊರಿಗೆ ಪಾಲಿದ್ದ ಕೆರೆಯನ್ನು ಊರೇ ಕಾಯುತ್ತದೆ.

ಗ್ರಾಮ ಪಂಚಾಯಿತಿ, ಸಣ್ಣ ನೀರಾವರಿ ಮತ್ತು ಮೀನುಗಾರಿಕೆ ಇಲಾಖೆಯವರಲ್ಲಿ ನಮ್ಮ ಕೋರಿಕೆ ಇಷ್ಟು: ಮುಂದಿನ ಹರಾಜಿನ ಪ್ರಕಟಣೆಗೆ ಮೊದಲು ಆಯಾ ಕೆರೆಯ ಏರಿ ಮೇಲೆಯೇ ಸಭೆ ಕರೆಯಿರಿ. ಮೀನುಗಾರರ ಸಹಕಾರ ಸಂಘದವರನ್ನೂ ನೀರುಗಂಟಿಯನ್ನೂ ಮರೆಯದೆ ಕರೆಯಿರಿ. ಅಲ್ಲಿ ಒಪ್ಪಿದ ನೀರಿನ ಮಟ್ಟ, ಡ್ರಮ್ಮು ತೊಳೆಯುವ ಜಾಗ, ಬೇಟೆಯ ದಿನ ಮೂರನ್ನೂ ಸಭೆಯ ನಡಾವಳಿಯಲ್ಲಿ ಬರೆದು ಕರಾರಿಗೆ ಲಗತ್ತಿಸಿ.

– ಕೆಲವು ಮೀನು ಕೃಷಿಕರು ಮತ್ತು ಅಚ್ಚುಕಟ್ಟುದಾರರು, ಸೊರಬ ತಾಲ್ಲೂಕು