ಗೌರಿಯ ಮೇಲಿನ ಹಲ್ಲು

ಬ್ರಹ್ಮಾವರದ ಹತ್ತಿರದ ನಮ್ಮ ಮನೆಯಿಂದ,
ಮಳೆಗಾಲದ ಆಟಿ ತಿಂಗಳ ಒಂದು ಮಧ್ಯಾಹ್ನ

ಪ್ರೀತಿಯ ಗೆಳೆಯ,

ನಿನ್ನ ಮಗಳ ಪ್ರಶ್ನೆಗೆ ಉತ್ತರ ಬರೆಯಲು ಒಂಬತ್ತು ದಿನ ತಡವಾಯಿತು. ಮೇ ತಿಂಗಳಲ್ಲಿ ನೀವು ಬಂದಾಗ ಹಟ್ಟಿಯಲ್ಲಿ, ಅಂದರೆ ದನದ ಕೊಟ್ಟಿಗೆಯಲ್ಲಿ, ತೆಗೆದ ನಮ್ಮ ದನ ಗೌರಿಯ ವಿಡಿಯೋವನ್ನು ಮುಂಬಯಿಗೆ ಹೋದ ಮೇಲೆ ಮತ್ತೆ ಮತ್ತೆ ನೋಡಿ ಅವಳು ಕೇಳಿದ್ದಾಳೆ: "ಗೌರಿಯ ಮೇಲಿನ ಹಲ್ಲುಗಳನ್ನು ಯಾರು ಕಿತ್ತರು?" ಅದರ ಕೆಳಗೆ ನಿನ್ನದೊಂದು ಸಾಲು: "ಎರಡು ದನ ಕಟ್ಟಿಕೊಂಡು ನೀನು ಆರಾಮವಾಗಿದ್ದೀಯ ಮಾರಾಯ." ಮಗಳ ಪ್ರಶ್ನೆ ಚೆನ್ನಾಗಿದೆ. ನಿನ್ನ ಸಾಲಿಗೂ ಉತ್ತರ ಇದೆ, ಸ್ವಲ್ಪ ಕೆಳಗೆ ಬರುತ್ತದೆ. ಹಾರಿಸಿ ಓದಬೇಡ.

ಹಲ್ಲನ್ನು ಯಾರೂ ಕಿತ್ತಿಲ್ಲ. ದನಕ್ಕೆ ಮೇಲಿನ ದವಡೆಯ ಮುಂಭಾಗದಲ್ಲಿ ಹಲ್ಲು ಹುಟ್ಟುವುದೇ ಇಲ್ಲ. ಅಲ್ಲಿ ಇರುವುದು ಚಪ್ಪಲಿಯ ಅಟ್ಟೆಯಂತೆ ಗಟ್ಟಿಯಾದ ವಸಡು. ಕೆಳಗೆ ಮುಂದುಗಡೆ 8 ಹಲ್ಲು, ಹಿಂದುಗಡೆ ಮೇಲೂ ಕೆಳಗೂ ಸೇರಿ 24 ದವಡೆ ಹಲ್ಲು. ಒಟ್ಟು 32, ನಮಗೆ ಇರಬೇಕಾದಷ್ಟೇ. ಹುಲ್ಲನ್ನು ನಾಲಗೆಯಿಂದ ಸುತ್ತಿ ಹಿಡಿದು, ಕೆಳಹಲ್ಲಿಗೂ ವಸಡಿಗೂ ನಡುವೆ ಒತ್ತಿ, ತಲೆ ಎಳೆದು ಕಿತ್ತುಕೊಳ್ಳುತ್ತದೆ. ಗೌರಿ ಕೈ ನೆಕ್ಕಿದಾಗ ನಿನ್ನ ಮಗಳು "ಮರಳುಕಾಗದ!" ಎಂದು ಕೂಗಿದಳಲ್ಲ, ಆ ಒರಟು ನಾಲಗೆಯೇ ಅದರ ಕತ್ತಿ. ದನದ ವಯಸ್ಸು ತಿಳಿಯುವುದೂ ಈ ಕೆಳಹಲ್ಲಿನಿಂದಲೇ. ಎರಡು ವರ್ಷದ ಆಸುಪಾಸಿನಲ್ಲಿ ನಡುವಿನ ಜೋಡಿ ಹಾಲುಹಲ್ಲು ಬಿದ್ದು ದೊಡ್ಡ ಹಲ್ಲು ಬರುತ್ತದೆ. ಆಮೇಲೆ ನಾಲ್ಕು ಹಲ್ಲು, ಆರು ಹಲ್ಲು ಎಂದು ಲೆಕ್ಕ ಮುಂದುವರಿಯುತ್ತದೆ. ಎಂಟೂ ಬಂದರೆ ಬಾಯಿಗೂಡಿತು ಎನ್ನುತ್ತಾರೆ. ಗೌರಿಯನ್ನು ಕೊಳ್ಳುವಾಗ ಮಾರುವವರು "ಎರಡನೆಯ ಕರು" ಎಂದಿದ್ದರು. ಅಮ್ಮ ಮಾತಾಡದೆ ಅದರ ತುಟಿ ಎತ್ತಿ ನೋಡಿದಳು. ಬೆಲೆ ಅಲ್ಲಿಯೇ ಇಳಿಯಿತು.

ಹಲ್ಲಿನ ಕೊರತೆಯನ್ನು ಹೊಟ್ಟೆ ತುಂಬಿಕೊಡುತ್ತದೆ. ಮೊದಲು ಸಿಕ್ಕಿದ್ದನ್ನೆಲ್ಲ ಸರಿಯಾಗಿ ಅಗಿಯದೆ ನುಂಗುವುದು, ಆಮೇಲೆ ಮಲಗಿ ಸಾವಕಾಶವಾಗಿ ಮೆಲುಕು ಹಾಕುವುದು. ದಿನಕ್ಕೆ ಏಳೆಂಟು ಗಂಟೆ ಮೆಲುಕಿಗೇ ಹೋಗುತ್ತದೆ. ನಾಲ್ಕು ಹೊಟ್ಟೆ ಎಂದು ನಾವು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದು ಪೂರ್ತಿ ಸರಿಯಲ್ಲ. ಹೊಟ್ಟೆ ಒಂದೇ, ಕೋಣೆ ನಾಲ್ಕು. ದೊಡ್ಡ ದನದ ಮೊದಲ ಕೋಣೆಯಲ್ಲಿ 100 ಲೀಟರಿಗಿಂತ ಹೆಚ್ಚು ಹಿಡಿಯುತ್ತದೆ. ಅಲ್ಲಿ ಬೈಹುಲ್ಲನ್ನು ಕರಗಿಸುವುದು ದನವಲ್ಲ, ಅದರೊಳಗೆ ಬಿಡಾರ ಹೂಡಿರುವ ಕೋಟ್ಯಂತರ ಸೂಕ್ಷ್ಮಜೀವಿಗಳು. ನಮ್ಮ ಕೆಲಸ ಅವುಗಳಿಗೆ ಅಡುಗೆ ಬಡಿಸುವುದು. ಒಮ್ಮೆಲೇ ಹಿಂಡಿ ಬದಲಾಯಿಸಿದರೆ, ಮದುವೆಮನೆಯ ಉಳಿದ ಅನ್ನವನ್ನು ದನ ಕುಡಿಯುವ ಅಕ್ಕಚ್ಚಿಗೆ ಸುರಿದರೆ ಮೊದಲು ಕೆಡುವುದು ಆ ಜೀವಿಗಳ ಸಂಸಾರ. ಹೊಟ್ಟೆಯುಬ್ಬರ ಬಂದು ದನ ನರಳುವುದು ಅದರ ನಂತರ.

ಹಾಂ, ದನದ ಹೂಸಿನಿಂದ ಭೂಮಿ ಬಿಸಿಯಾಗುತ್ತಿದೆ ಎಂದು ನೀನು ಜೋಕು ಕಳಿಸಿದ್ದೆ. ತಿದ್ದಿಕೋ: ಮೀಥೇನ್ ಹೊರಬರುವುದು ಹೆಚ್ಚಿನಂಶ ಬಾಯಿಯಿಂದ, ತೇಗಿನಲ್ಲಿ. ಹಟ್ಟಿಯಲ್ಲಿ ಹತ್ತು ನಿಮಿಷ ಕುಳಿತವನಿಗೆ ಇದು ಕೇಳಿಸುತ್ತದೆ.

ಈಗ ನಿನ್ನ "ಆರಾಮ"ದ ವಿಷಯ.

ಹಿಂದಿನ ಮಂಗಳವಾರ ರಾತ್ರಿ ಗೌರಿ ಕರು ಹಾಕಿದಳು. ಗಬ್ಬ ಕಟ್ಟಲು ಇಂಜೆಕ್ಷನ್ ಕೊಡಿಸಿದ ತಾರೀಕನ್ನು ಹಟ್ಟಿಯ ಕಂಬದಲ್ಲಿ ಸುಣ್ಣದಲ್ಲಿ ಬರೆದಿಟ್ಟಿದ್ದೆ. 280 ದಿನ ಎಂದು ಲೆಕ್ಕ, ಅವಳು 282ಕ್ಕೆ ಹಾಕಿದಳು. ಹೆಣ್ಣು ಕರು. ಹೊರಗೆ ಧೋ ಎಂದು ಮಳೆ, ಕರೆಂಟು ಇಲ್ಲ, ಕೆಳಮನೆಯ ಅಕ್ಕ ಟಾರ್ಚು ಹಿಡಿದಿದ್ದರು. ಎಲ್ಲ ಸುಸೂತ್ರ. ಕಸವೂ (ಕರುವಿನ ಹಿಂದೆ ಬೀಳುವ ಮಾಸು) ಬೆಳಗಾಗುವುದರೊಳಗೆ ಬಿತ್ತು. ಕೆಚ್ಚಲು ಕಲ್ಲಿನಂತೆ ಬಿಗಿದಿತ್ತು, ನೋಡಿದರೆ ಪಾಪ ಎನಿಸುತ್ತಿತ್ತು. ನಾನು ಬುದ್ಧಿವಂತ, ಒಂದು ಹನಿ ಬಿಡದೆ ಕರೆದುಬಿಟ್ಟೆ. ಹತ್ತು ಲೀಟರ್ ಗಿಣ್ಣುಹಾಲು! ಫೋಟೋ ತೆಗೆದು ನಿನಗೆ ಕಳಿಸಿದ್ದು ಅದನ್ನೇ.

ಸಂಜೆ ಹಟ್ಟಿಗೆ ಹೋದಾಗ ಗೌರಿ ಏಳಲಿಲ್ಲ. ಕತ್ತನ್ನು ಹಿಂದಕ್ಕೆ ತಿರುಗಿಸಿ ಮೂತಿಯನ್ನು ಪಕ್ಕೆಗೆ ಒತ್ತಿಕೊಂಡು ಮಲಗಿದ್ದಳು, ಕರುವನ್ನೂ ನೋಡುತ್ತಿರಲಿಲ್ಲ. ಕಿವಿ ಮುಟ್ಟಿದೆ, ಮಳೆಯಲ್ಲಿ ನೆನೆದ ಸೊಪ್ಪಿನಷ್ಟು ತಣ್ಣಗೆ. ಅಮ್ಮ ಹಣೆ ಚಚ್ಚಿಕೊಂಡಳು. ಪಶುವೈದ್ಯರಿಗೆ ಫೋನು ಮಾಡಿದರೆ ಅವರು ಕೇಳಿದ್ದು ಎರಡೇ ಮಾತು: "ಎಷ್ಟನೆಯ ಕರು? ಪೂರ್ತಿ ಕರೆದಿರಾ?" ನಾಲ್ಕನೆಯದು, ಹೌದು ಕರೆದೆ ಎಂದೆ. "ಹಾಲುಜ್ವರ. ಬರುತ್ತೇನೆ" ಎಂದರು.

ಈ ರೋಗಕ್ಕೆ ಹೆಸರಿಟ್ಟವರು ಯಾರೋ, ಜ್ವರ ಎನ್ನುವುದು ಅದರಲ್ಲಿ ಇಲ್ಲವೇ ಇಲ್ಲ. ಮೈ ಬಿಸಿಯಾಗುವುದರ ಬದಲು ತಣ್ಣಗಾಗುತ್ತದೆ. ಆಗುವುದು ಇಷ್ಟು: ದನದ ರಕ್ತದಲ್ಲಿ ಒಂದು ಹೊತ್ತಿಗೆ ಓಡಾಡುವ ಕ್ಯಾಲ್ಸಿಯಂ ಸುಮಾರು 3 ಗ್ರಾಂ ಮಾತ್ರ. ಹತ್ತು ಲೀಟರ್ ಗಿಣ್ಣುಹಾಲಿನಲ್ಲಿ ಹೊರಗೆ ಹೋಗುವುದು 20 ಗ್ರಾಂಗಿಂತ ಹೆಚ್ಚು. ಮೂಳೆಯಲ್ಲಿ ಬೇಕಾದಷ್ಟು ದಾಸ್ತಾನು ಇದ್ದರೂ ಅದನ್ನು ಬಿಡಿಸಿ ತರಲು ಮೈಗೆ ಒಂದೆರಡು ದಿನ ಬೇಕು; ವಯಸ್ಸಾದಂತೆ ಇನ್ನೂ ನಿಧಾನ. ಬ್ಯಾಂಕಿನಲ್ಲಿ ಹಣವಿದ್ದೂ ಕಿಸೆ ಖಾಲಿಯಾದವನ ಪಾಡು. ಕ್ಯಾಲ್ಸಿಯಂ ಇಲ್ಲದೆ ಸ್ನಾಯು ಕೆಲಸ ಮಾಡುವುದಿಲ್ಲ, ಕಾಲು ಏಳುವುದಿಲ್ಲ, ಬಿಟ್ಟರೆ ಹೃದಯವೂ ನಿಲ್ಲುತ್ತದೆ. ಜೆರ್ಸಿಗಳಲ್ಲಿ ಇದು ಹೆಚ್ಚು, ನಮ್ಮ ಗೌರಿ ಜೆರ್ಸಿ ಮಿಶ್ರತಳಿ. ಮೊದಲೆರಡು ದಿನ ಕೆಚ್ಚಲನ್ನು ಪೂರ್ತಿ ಬರಿದು ಮಾಡಬಾರದು ಎಂದು ಹಿರಿಯರು ಹೇಳುತ್ತಿದ್ದುದು ಕರುವಿನ ಪಾಲಿಗಾಗಿ ಎಂದುಕೊಂಡಿದ್ದೆ. ತಾಯಿಯ ಪ್ರಾಣಕ್ಕೂ ಅದೇ ಮದ್ದು.

ವೈದ್ಯರು ಬರುವಾಗ ರಾತ್ರಿ ಒಂಬತ್ತು. ಕತ್ತಿನ ನರಕ್ಕೆ ಸೂಜಿ ಚುಚ್ಚಿ ಬಾಟಲಿಯನ್ನು ನನ್ನ ಕೈಗೆ ಕೊಟ್ಟು, "ಎತ್ತರಿಸಬೇಡಿ, ನಾನು ಹೇಳಿದಷ್ಟೇ" ಎಂದರು. ಬೇಗ ಹರಿಸಿದರೆ ಅದೇ ಕ್ಯಾಲ್ಸಿಯಂ ಹೃದಯವನ್ನು ನಿಲ್ಲಿಸುತ್ತದೆಯಂತೆ. ಅವರು ಸ್ಟೆತಸ್ಕೋಪನ್ನು ಗೌರಿಯ ಎದೆಯಿಂದ ತೆಗೆಯಲೇ ಇಲ್ಲ. ನಾನು ಬಾಟಲಿ ಹಿಡಿದು ನಿಂತವನು ಗುಳ್ಳೆಗಳನ್ನು ಎಣಿಸುತ್ತಿದ್ದೆ. ಮುಕ್ಕಾಲು ಬಾಟಲಿ ಮುಗಿಯುವಾಗ ಅವಳ ಮೈಯೆಲ್ಲ ನಡುಗಿತು. ನನಗೆ ಕೈಕಾಲು ಬಿದ್ದುಹೋಯಿತು. ವೈದ್ಯರು ಮಾತ್ರ ನಕ್ಕರು, ಅದು ಒಳ್ಳೆಯ ಲಕ್ಷಣವಂತೆ. ಆಮೇಲೆ ಒಂದು ದೊಡ್ಡ ತೇಗು. ಲೋಕಕ್ಕೆ ಕೆಡುಕಾದರೂ ಸರಿ, ಆ ತೇಗಿನಷ್ಟು ಇಂಪಾದ ಸದ್ದನ್ನು ನಾನು ಕೇಳಿಲ್ಲ. ಅರ್ಧ ಗಂಟೆಯ ನಂತರ ಗೌರಿ ಎದ್ದಳು. ದನ ಏಳುವುದನ್ನು ನೋಡಿದ್ದೀಯಲ್ಲ, ಹಿಂಗಾಲು ಮೊದಲು, ಮುಂಗಾಲು ಆಮೇಲೆ. ಕುದುರೆಯದು ಇದಕ್ಕೆ ತಿರುಗುಮುರುಗು. ಮಂಡಿಯೂರಿದ ಆ ಭಂಗಿಯಲ್ಲಿಯೇ ಸ್ವಲ್ಪ ಹೊತ್ತು ನಿಂತಳು. ನಾವು ನಾಲ್ವರೂ ಉಸಿರು ಬಿಗಿಹಿಡಿದಿದ್ದೆವು. ಎದ್ದವಳು ಮೊದಲು ಮಾಡಿದ ಕೆಲಸ ನನ್ನ ಕಾಲ ಮೇಲೆ ಸಗಣಿ ಹಾಕಿದ್ದು.

ಒಂಬತ್ತು ದಿನ ಎಲ್ಲಿಗೆ ಹೋಯಿತು ಎಂದು ಈಗ ಗೊತ್ತಾಯಿತಲ್ಲ.

ಕರುವಿಗೆ ಏನೂ ಆಗಲಿಲ್ಲ, ಅದು ಹುಟ್ಟಿದ ಗಂಟೆಯೊಳಗೆ ಎರಡು ಲೀಟರ್ ಗಿಣ್ಣುಹಾಲು ಕುಡಿದಿತ್ತು. ಮನುಷ್ಯರ ಮಗು ತಾಯಿಯ ಗರ್ಭದಲ್ಲಿರುವಾಗಲೇ ರೋಗನಿರೋಧಕ ಶಕ್ತಿಯ ಒಂದು ಗಂಟನ್ನು ಪಡೆದು ಬರುತ್ತದೆ. ಕರು ಬರಿಗೈಯಲ್ಲಿ ಬರುತ್ತದೆ. ಅದಕ್ಕೆ ಸಿಗಬೇಕಾದದ್ದೆಲ್ಲ ಗಿಣ್ಣುಹಾಲಿನಲ್ಲಿದೆ, ಅದನ್ನು ಒಳಗೆ ಬಿಟ್ಟುಕೊಳ್ಳುವ ಕರುಳಿನ ಬಾಗಿಲು ಒಂದು ದಿನದಲ್ಲಿ ಮುಚ್ಚಿಹೋಗುತ್ತದೆ. ಆದ್ದರಿಂದ ಕರುವಿನ ಪಾಲು ಕೊಟ್ಟು ಮಿಕ್ಕಿದ್ದರಲ್ಲಿ ಮಾತ್ರ ನಮ್ಮ ಬೆಲ್ಲ, ಏಲಕ್ಕಿ.

ಹಾಲನ್ನು ನಾವು ಕರೆಯುತ್ತೇವೆ ಎನ್ನುವುದು ನಮ್ಮ ಭ್ರಮೆ. ಕೊಡುವ ಮನಸ್ಸು ಅವಳದು. ಕೆಚ್ಚಲು ತೊಳೆದು ಉಜ್ಜಿದಾಗ, ಚೆಂಬಿನ ಸದ್ದು ಕೇಳಿದಾಗ ಮೆದುಳಿನಿಂದ ಒಂದು ರಸ ಇಳಿದು ಹಾಲನ್ನು ಕೆಳಗೆ ಬಿಡಿಸುತ್ತದೆ. ಅದರ ಪ್ರಭಾವ ಕೆಲವೇ ನಿಮಿಷ. ಅಷ್ಟರೊಳಗೆ ಕರೆದು ಮುಗಿಸಬೇಕು. ಹೆದರಿದರೆ ಅದೂ ಇಲ್ಲ. ಹೋದ ವರ್ಷ ಜೂನಿನಲ್ಲಿ ನಾನು ಹೊಸ ಹಳದಿ ರೇನ್‌ಕೋಟು ಹಾಕಿಕೊಂಡು ಹಟ್ಟಿಗೆ ಹೋದ ದಿನ ಚೆಂಬಿನ ತಳ ಮುಚ್ಚುವಷ್ಟೂ ಹಾಲು ಬರಲಿಲ್ಲ. ಬಣ್ಣ ಕಂಡು ಬೆದರಿದಳು ಎಂದುಕೊಂಡೆ. ಬಣ್ಣವಲ್ಲ, ಅದರ ಚರಚರ ಸದ್ದು. ರೇನ್‌ಕೋಟು ಬಿಚ್ಚಿ, ಅಮ್ಮನ ಹಳೆಯ ಸೀರೆಯನ್ನು ಹೆಗಲಿಗೆ ಹಾಕಿಕೊಂಡು ಕುಳಿತ ಮೇಲೆ ಹಾಲು ಇಳಿಯಿತು. ನಗಬೇಡ. ಒಂದು ಲೀಟರ್ ಹಾಲಾಗಲು 400ರಿಂದ 500 ಲೀಟರ್ ರಕ್ತ ಆ ಕೆಚ್ಚಲಿನಲ್ಲಿ ಹಾದುಹೋಗಬೇಕು. ಅಷ್ಟು ದುಡಿಯುವವಳು ಒಂದು ಸೀರೆ ಕೇಳಿದರೆ ತಪ್ಪೇನು?

ಬ್ರಿಟನ್ನಿನ ನ್ಯೂಕಾಸಲ್ ವಿಶ್ವವಿದ್ಯಾಲಯದವರು 2009ರಲ್ಲಿ ಪ್ರಕಟಿಸಿದ್ದನ್ನು ಅಮ್ಮನಿಗೆ ಹೇಳಿದೆ: ಹೆಸರಿಟ್ಟು ಕರೆಯುವ ಹಸುಗಳು ಹೆಸರಿಲ್ಲದವುಗಳಿಗಿಂತ ವರ್ಷಕ್ಕೆ 258 ಲೀಟರ್ ಹೆಚ್ಚು ಹಾಲು ಕೊಡುತ್ತವಂತೆ. ಹೆಸರಿಡುವವರು ಬೇರೆ ರೀತಿಯಲ್ಲಿಯೂ ಚೆನ್ನಾಗಿ ನೋಡಿಕೊಳ್ಳುವವರೇ ಇರಬೇಕು, ಹೆಸರೊಂದರಿಂದ ಹಾಲು ಉಕ್ಕುತ್ತದೆ ಎಂದು ನನಗೆ ಅನಿಸುವುದಿಲ್ಲ. ಅಮ್ಮನ ಆಶ್ಚರ್ಯ ಬೇರೆಯೇ: "ಹೆಸರಿಡದೆ ದನ ಸಾಕುವವರೂ ಇದ್ದಾರೆಯೇ?"

ಅಮ್ಮನ ಪಕ್ಷಪಾತ ನಿನಗೆ ಗೊತ್ತು. ಅವಳ ಪ್ರೀತಿಯೆಲ್ಲ ಆ ಕಪ್ಪು ಮಲೆನಾಡು ಗಿಡ್ಡದ ಮೇಲೆ. ನನ್ನ ಸೊಂಟದೆತ್ತರದ ದನ, ಎರಡು ಲೀಟರ್ ಕೊಟ್ಟರೆ ಹಬ್ಬ. ಆದರೆ ಅದು ಈ ಮಳೆಗೆ ಹುಟ್ಟಿದ ಜೀವ. ಗುಡ್ಡಕ್ಕೆ ಹೋಗಿ ಸಿಕ್ಕಿದ್ದನ್ನು ಮೇಯ್ದು ತಾನೇ ಮನೆಗೆ ಬರುತ್ತದೆ, ಕರು ಹಾಕುವುದೂ ಯಾರಿಗೂ ಹೇಳದೆ. ವೈದ್ಯರ ಜೀಪು ಹೋದ ಮೇಲೆ ಅಮ್ಮ ಅದರ ಗಂಗೆದೊಗಲು ತುರಿಸುತ್ತ, ನನಗೆ ಕೇಳುವಂತೆ, "ನಿನ್ನಿಂದ ಯಾವ ಡಾಕ್ಟರಿಗೂ ನಿದ್ದೆಗೇಡು ಇಲ್ಲ" ಎಂದಳು. ನಾನು ಸುಮ್ಮನಿದ್ದೆ. ಡೈರಿಗೆ ಹಾಲು ಹಾಕಿ ಬರುವ ಹಣ ಗೌರಿಯದು. ಅದರಲ್ಲಿಯೂ ಘಟ್ಟದ ಮೇಲಿನಿಂದ ಲಾರಿಯಲ್ಲಿ ಬರುವ ಬೈಹುಲ್ಲಿಗೆ, ಹಿಂಡಿಗೆ ಕಳೆದು ಉಳಿಯುವುದನ್ನು ಹೇಳಿದರೆ ನೀನು ಇನ್ನೊಮ್ಮೆ "ಆರಾಮ" ಎನ್ನಲಾರೆ. ಸರಕಾರದ ಪ್ರೋತ್ಸಾಹಧನವನ್ನೂ ಸೇರಿಸಿಯೇ ಈ ಮಾತು.

ಪ್ಯಾಕೆಟ್ ಹಾಲು ನೀರು ಎಂದು ನಿನ್ನ ಹೆಂಡತಿ ದೂರಿದ್ದಳಲ್ಲ, ಹೇಳು: ಗೌರಿಯ ಹಾಲಿನಲ್ಲಿಯೂ ನೂರಕ್ಕೆ ಸುಮಾರು 87 ಪಾಲು ನೀರೇ. ಟೋನ್ಡ್ ಹಾಲಿನಲ್ಲಿ ಕೊಬ್ಬು 3 ಪಾಲು ಇರಬೇಕೆಂದು ನಿಯಮ, ಆದ್ದರಿಂದ ಕೆನೆ ತೆಳು. ಇನ್ನು ಎಮ್ಮೆಯ ಹಾಲು ಅಚ್ಚ ಬಿಳಿ, ದನದ್ದು ಹಳದಿ ಛಾಯೆ ಏಕೆಂದರೆ, ಹುಲ್ಲಿನಲ್ಲಿರುವ ಹಳದಿ ಬಣ್ಣವನ್ನು ಎಮ್ಮೆ ಪೂರ್ತಿಯಾಗಿ ಎ ಜೀವಸತ್ವವಾಗಿಸುತ್ತದೆ, ದನ ಸ್ವಲ್ಪ ಭಾಗವನ್ನು ಹಾಗೆಯೇ ಹಾಲಿಗೆ ಬಿಡುತ್ತದೆ.

ಮಗಳಿಗೆ ರಾತ್ರಿ ಹೇಳಲು ಒಂದು ಕಥೆ, ನಿಜವಾದದ್ದು. 1930ರ ಫೆಬ್ರವರಿ 18ರಂದು ಅಮೆರಿಕದಲ್ಲಿ ಓಲಿ ಎಂಬ ಗರ್ನ್ಸಿ ತಳಿಯ ಹಸುವನ್ನು ವಿಮಾನದಲ್ಲಿ ಹಾರಿಸಿದರು. ಆಕಾಶದಲ್ಲಿಯೇ ಹಾಲು ಕರೆದು, ಕಾಗದದ ಡಬ್ಬಿಗಳಲ್ಲಿ ತುಂಬಿ, ಸೇಂಟ್ ಲೂಯಿಸ್ ನಗರದ ಮೇಲೆ ಪ್ಯಾರಾಚೂಟು ಕಟ್ಟಿ ಇಳಿಬಿಟ್ಟರು. ಆ ಗದ್ದಲದ ವಿಮಾನದಲ್ಲಿ ಅದು ಹಾಲು ಇಳಿಸಿತು, ನಮ್ಮವಳಿಗೆ ಒಂದು ರೇನ್‌ಕೋಟು ಸಾಕಾಯಿತು!

ನೀವು ಕೃಷ್ಣಾಷ್ಟಮಿಗೆ ಬರುವುದು ಖಂಡಿತ ತಾನೇ? ಅಷ್ಟಮಿಯ ಮರುದಿನ ಉಡುಪಿಯಲ್ಲಿ ನಡೆಯುವ ವಿಟ್ಲಪಿಂಡಿಯ ಮೊಸರುಕುಡಿಕೆ ನೋಡಬೇಕೆಂದು ನಿನ್ನ ಮಗಳು ಆಗಲೇ ಹಟ ಹಿಡಿದಿದ್ದಳು. ವಿಮಾನದಲ್ಲಿ ಬಜ್ಪೆಗೆ ಬರುತ್ತೀರೋ, ರೈಲಿನಲ್ಲಿ ಬಾರ್ಕೂರಿಗೋ ತಿಳಿಸು. ಒಂದು ಬಾಟಲಿ ಗಿಣ್ಣುಹಾಲನ್ನು ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಹೆಪ್ಪುಗಟ್ಟಿಸಿ ಇಟ್ಟಿದ್ದೇನೆ, ನಿನ್ನ ಹೆಸರು ಬರೆದು. ಹೀಗೆ ಇಟ್ಟದ್ದು ಗಿಣ್ಣಾಗಿ ಗಟ್ಟಿಯಾಗುವುದಿಲ್ಲ ಎಂದು ಅಮ್ಮ, ಆಗುತ್ತದೆ ಎಂದು ನಾನು. ಕೆಳಮನೆಯ ಅಕ್ಕ ಅಮ್ಮನ ಕಡೆ ಸೇರಿದ್ದಾರೆ.

ಇಂತಿ ನಿನ್ನ ಗೆಳೆಯ