ಹೊಸ ದಾರಿ ಬೇಡ, ಇರುವ ದಾರಿ ಜೋಡಿಸಿ: ಶ್ರೀರಂಗಪಟ್ಟಣದಿಂದ ಮಂಡ್ಯ ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ಕಳೆದ ಬೇಸಿಗೆಯಲ್ಲಿ ನನ್ನ ಸೋದರಳಿಯ ಹೆಂಡತಿ ಮಕ್ಕಳೊಂದಿಗೆ ಧಾರವಾಡದಿಂದ ಬಂದು ಶ್ರೀರಂಗಪಟ್ಟಣದ ರೈಲು ನಿಲ್ದಾಣದಲ್ಲಿ ಇಳಿದ. ರಂಗನಾಥಸ್ವಾಮಿಯ ದರ್ಶನ ಮುಗಿಸಿ, ಹೊಳೆಯ ಪಕ್ಕದಲ್ಲೇ ನಡೆದುಕೊಂಡು ಟಿಪ್ಪುವಿನ ಬೇಸಿಗೆ ಅರಮನೆಯಾದ ದರಿಯಾ ದೌಲತ್‌ವರೆಗೆ ಹೋಗಬೇಕೆಂದು ಅವನ ಆಸೆ. ದಾರಿ ಕೇಳಿದರೆ ಮೂವರೂ ಹೇಳಿದ್ದು ಒಂದೇ ಮಾತು: "ನಡೆದುಕೊಂಡು ಯಾರು ಹೋಗುತ್ತಾರೆ ಸ್ವಾಮಿ, ಆಟೋ ಹತ್ತಿ." ಹತ್ತಿದರು. ಎರಡೂವರೆ ಗಂಟೆಯಲ್ಲಿ ಐದು ಜಾಗ ನೋಡಿ ಮೈಸೂರಿಗೆ ಹೊರಟೇಹೋದರು. ನಮ್ಮ ಮನೆಯಲ್ಲಿ ಒಂದು ಲೋಟ ಕಾಫಿ ಕುಡಿಯಲೂ ಪುರುಸೊತ್ತಾಗಲಿಲ್ಲ ಎಂಬುದು ನನ್ನ ಸ್ವಂತ ಸಿಟ್ಟು, ಅದನ್ನು ಬಿಡಿ.

ಅವರು ನೋಡದೆ ಹೋದದ್ದು ಏನು ಎಂಬುದನ್ನು ಮಾತ್ರ ನಿಮಗೆ ಹೇಳಬೇಕು. ಕೋಟೆಯ ವಾಯವ್ಯ ಮೂಲೆಯಲ್ಲಿ 1907ರಲ್ಲಿ ನಿಲ್ಲಿಸಿದ ಸ್ಮಾರಕ ಸ್ತಂಭವೊಂದಿದೆ. 1799ರ ಮೇ 4ರಂದು ಬ್ರಿಟಿಷ್ ಸೈನ್ಯ ಗೋಡೆ ಒಡೆದು ನುಗ್ಗಿದ್ದು ಅಲ್ಲಿಂದಲೇ. ಆ ಸ್ತಂಭದ ಬಳಿ ಮೇ ತಿಂಗಳ ಮಧ್ಯಾಹ್ನ ಒಮ್ಮೆ ನಿಂತು ನೋಡಿ. ಹೊಳೆ ಸೊರಗಿ ಬಂಡೆಗಳು ಮೇಲೆದ್ದಿರುತ್ತವೆ, ಮೊಣಕಾಲುದ್ದದ ನೀರಿನಲ್ಲಿ ದನಗಳು ದಾಟುತ್ತಿರುತ್ತವೆ. ಅದೇ ಜಾಗಕ್ಕೆ ಆಗಸ್ಟ್‌ನಲ್ಲಿ ಬಂದರೆ ಕೆಂಪು ನೀರು ಭೋರ್ಗರೆಯುತ್ತಿರುತ್ತದೆ. ಮಳೆಗಾಲ ಶುರುವಾಗುವ ಮೊದಲೇ ಕೋಟೆ ಹಿಡಿಯಬೇಕೆಂದು ಬ್ರಿಟಿಷರಿಗೇಕೆ ಅಷ್ಟು ಅವಸರವಿತ್ತು ಎಂಬುದು ಯಾವ ಫಲಕದ ಸಹಾಯವೂ ಇಲ್ಲದೆ ತಿಳಿಯುತ್ತದೆ. ಈ ಊರಿನ ಮೊದಲ ಕಂದಕವೇ ಕಾವೇರಿ. ಹೊಳೆಯನ್ನು ಬಿಟ್ಟು ಕೋಟೆ ತೋರಿಸುವುದು ಹೊಸಿಲನ್ನು ಬಿಟ್ಟು ಮನೆ ತೋರಿಸಿದಂತೆ.

ಅಲ್ಲಿಂದ ಗೋಡೆಯ ಗುಂಟ ಪೂರ್ವಕ್ಕೆ ಹೊರಟರೆ ಬ್ರಿಟಿಷ್ ಸೇನಾಧಿಕಾರಿ ಕರ್ನಲ್ ಬೈಲಿಯ ಹೆಸರಿನ ಬಂದೀಖಾನೆ ಸಿಗುತ್ತದೆ. ಮೇಲಿನಿಂದ ಚಾವಣಿ ಒಡೆದುಕೊಂಡು ಒಳಗೆ ಬಿದ್ದಿತೆನ್ನುವ ಫಿರಂಗಿ ಇನ್ನೂ ಅಲ್ಲೇ ಬಿದ್ದಿದೆ. ಮಕ್ಕಳಿಗೆ ಗೋಡೆಯ ಕಥೆಗಿಂತ ಅದರ ಕಥೆಯೇ ಇಷ್ಟ. ಮುಂದೆ ವಾಟರ್ ಗೇಟ್, ಅದರ ಹತ್ತಿರವೇ ಟಿಪ್ಪುವಿನ ದೇಹ ಸಿಕ್ಕಿದ ಜಾಗವನ್ನು ಗುರುತಿಸುವ ಕಲ್ಲು. ಆಮೇಲೆ ಎರಡು ಮಿನಾರುಗಳ ಮಸೀದಿ. ಅದನ್ನು ದಾಟಿದರೆ ಹಳೆಯ ಹೆದ್ದಾರಿ, ಹೆದ್ದಾರಿಯ ಆಚೆ 1784ರ ದರಿಯಾ ದೌಲತ್. ಕಾಲಿನಲ್ಲಿ ಶಕ್ತಿ ಉಳಿದಿದ್ದರೆ ಗಂಜಾಂ, ನಿಮಿಷಾಂಬಾ ದೇವಸ್ಥಾನ, ಟಿಪ್ಪುವಿನ ಸಮಾಧಿಯಿರುವ ಗುಂಬಜ್, ಕೊನೆಗೆ ಸಂಗಮ. ಇಡೀ ದ್ವೀಪದ ಉದ್ದವೇ ಸುಮಾರು ಐದು ಕಿಲೋಮೀಟರ್. ಒಂದು ಬೆಳಗಿನ ನಡಿಗೆ, ನಡುವೆ ಇಡ್ಲಿ ತಿನ್ನಲು ನಿಂತರೂ ಸರಿಯೇ.

ದಾರಿ ಇಲ್ಲವೆಂದಲ್ಲ. ತುಂಡು ತುಂಡಾಗಿ ಇದೆ. ಒಂದು ಕಡೆ ಜಾಲಿ ಮುಳ್ಳು ಬೆಳೆದು ಕಾಲುದಾರಿಯನ್ನು ನುಂಗಿದೆ, ಇನ್ನೊಂದು ಕಡೆ ಕಸ ಸುರಿದಿದೆ, ಮತ್ತೊಂದು ಕಡೆ ಎಡಕ್ಕೋ ಬಲಕ್ಕೋ ಎಂದು ಹೇಳುವ ಒಂದು ಕಲ್ಲೂ ಇಲ್ಲ. ಹೆದ್ದಾರಿಯನ್ನು ಮಕ್ಕಳ ಕೈ ಹಿಡಿದು ಓಡಿಯೇ ದಾಟಬೇಕು.

ಇಷ್ಟು ಹೇಳಿದ ಕೂಡಲೇ ಯಾರಾದರೂ ‘ನದಿ ತೀರ ಅಭಿವೃದ್ಧಿ’ ಎಂಬ ನಕ್ಷೆ ಬಿಡಿಸಿ ತಂದಾರು ಎಂಬುದೇ ನನ್ನ ಭಯ. ಗ್ರಾನೈಟ್ ಹಾಸು, ಉಕ್ಕಿನ ಕಟಕಟೆ, ಬಣ್ಣದ ದೀಪ, ಸಾಲಾಗಿ ನೆರಳಿಲ್ಲದ ಅಲಂಕಾರಿಕ ತಾಳೆ ಗಿಡ. ದಯವಿಟ್ಟು ಅದು ಬೇಡ. ಕನ್ನಂಬಾಡಿ ಕಟ್ಟೆಯಿಂದ ಲಕ್ಷ ಕ್ಯೂಸೆಕ್ ದಾಟಿ ನೀರು ಬಿಟ್ಟರೆ ಸ್ನಾನಘಟ್ಟದ ಮೆಟ್ಟಿಲು ಕಾಣುವುದಿಲ್ಲ, ವೆಲ್ಲೆಸ್ಲಿ ಸೇತುವೆಯ ಮೇಲೆ ಜನರನ್ನು ಬಿಡುವುದಿಲ್ಲ. ದಿವಾನ್ ಪೂರ್ಣಯ್ಯನವರ ಕಾಲದಲ್ಲಿ, 1804ರ ಹೊತ್ತಿಗೆ, ಕಟ್ಟಿದ ಆ ಕಲ್ಲಿನ ಸೇತುವೆ ಇಷ್ಟು ಪ್ರವಾಹ ಕಂಡೂ ನಿಂತಿದೆ. ನಮ್ಮ ಕಾಲದ ಟೈಲ್ಸ್ ನಿಲ್ಲುತ್ತದೆಂದು ನಾನಂತೂ ಪಂದ್ಯ ಕಟ್ಟುವುದಿಲ್ಲ. ಅಲ್ಲದೆ ರಾಷ್ಟ್ರೀಯ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸದಾಗಿ ಕಟ್ಟುವುದನ್ನು ಕಾನೂನೇ ನಿಷೇಧಿಸಿದೆ. ಆದ್ದರಿಂದ ಕಟ್ಟುವ ಮಾತು ಬಿಡೋಣ. ಮಣ್ಣಿನ ದಾರಿ ಮಣ್ಣಿನದಾಗಿಯೇ ಇರಲಿ, ಮುಳ್ಳು ಸವರಿಸಿ, ಗೋಡೆಯ ಬುಡಕ್ಕೆ ಬೇರು ತಾಕದಷ್ಟು ದೂರದಲ್ಲಿ ಹೊಂಗೆ ನೆಡಿಸಿ. ಹೆದ್ದಾರಿಯಲ್ಲಿ ಒಂದು ನಿಜವಾದ ದಾಟುಪಟ್ಟಿ ಮತ್ತು ಸಿಗ್ನಲ್. ಎರಡು ತುದಿಗಳಲ್ಲಿ ಬೀಗ ಹಾಕಿರದ ಶೌಚಾಲಯ. ಮತ್ತೆ ಕೈಮರಗಳು: ಕನ್ನಡ ಮೊದಲು, ದೂರವನ್ನು ನಿಮಿಷದಲ್ಲಿ ಬರೆದಿರಲಿ. ನೀರು ಏರುವ ತಿಂಗಳುಗಳಲ್ಲಿ ಯಾವ ಮೆಟ್ಟಿಲಿಗೆ ಇಳಿಯಬಾರದು ಎಂಬುದೂ ಅದರಲ್ಲೇ ಇರಲಿ.

ಇದಕ್ಕೆ ಹಣಕ್ಕಿಂತ ಹೆಚ್ಚಾಗಿ ಬೇಕಾದದ್ದು ಒಂದು ಮೇಜು. ಸ್ಮಾರಕ ಪುರಾತತ್ವ ಇಲಾಖೆಯದು, ದೇವಸ್ಥಾನ ಮುಜರಾಯಿಯದು, ಹೊಳೆ ಮತ್ತು ನಾಲೆ ನೀರಾವರಿಯವರದು, ಹಳಿ ರೈಲ್ವೆಯದು, ಬೀದಿ ಪುರಸಭೆಯದು. ನಡೆಯುವವನು ಅರ್ಧ ಗಂಟೆಯಲ್ಲಿ ಐವರ ಗಡಿ ದಾಟುತ್ತಾನೆ. ಇವರೆಲ್ಲರನ್ನೂ ಒಂದೇ ದಿನ ಒಂದೇ ಕಡೆ ಕೂರಿಸುವ ಅಧಿಕಾರ ಈ ಜಿಲ್ಲೆಯಲ್ಲಿ ನಿಮಗಿದೆ. ಶಾಸಕರಿಗೆ ಬರೆಯದೆ ನಿಮಗೆ ಬರೆಯುತ್ತಿರುವುದು ಅದಕ್ಕೇ. ಆಗದ ಕೆಲಸ ಎನ್ನಬೇಡಿ. ಜೋಡಿ ಹಳಿ ಹಾಕಬೇಕಾದಾಗ, 2017ರಲ್ಲಿ, ಟಿಪ್ಪುವಿನ ಕಾಲದ ಮದ್ದಿನಮನೆಯೊಂದನ್ನು ಬುಡಸಮೇತ ಎತ್ತಿ ನೂರು ಮೀಟರಿನಷ್ಟು ದೂರಕ್ಕೆ ಸರಿಸಿದ ಊರು ಇದು. ಹತ್ತು ಕೈಮರ ನೆಡುವುದು ಅದಕ್ಕಿಂತ ಕಷ್ಟವೇ?

ವ್ಯಾಪಾರದ ಮಾತನ್ನೂ ಒಂದಿಷ್ಟು ಆಡಬೇಕು. 2023ರಲ್ಲಿ ಬೆಂಗಳೂರು–ಮೈಸೂರು ದಶಪಥ ಉದ್ಘಾಟನೆಯಾದ ಮೇಲೆ ಊರು ಬಳಸಿ ಹೋಗುವ ಬೈಪಾಸ್‌ನಲ್ಲಿ ವಾಹನಗಳು ಸಾಗುತ್ತವೆ. ಹೋಟೆಲಿನವರು, ಎಳನೀರಿನವರು ಗಿರಾಕಿ ಕಡಿಮೆ ಎನ್ನುತ್ತಾರೆ. ಕಾರಿನಲ್ಲಿ ಹಾದುಹೋಗುವವನನ್ನು ಮರಳಿ ತರಲಾಗದು. ಆದರೆ ಅರ್ಧ ದಿನ ನಡೆಯುವವನಿಗೆ ಬಾಯಾರುತ್ತದೆ, ಹಸಿವಾಗುತ್ತದೆ. ಆಟೋದವರೂ ಸೋಲುವುದಿಲ್ಲ: ಸಂಗಮದವರೆಗೆ ನಡೆದವನು ಹಿಂತಿರುಗಿ ಬರುವುದು ಆಟೋದಲ್ಲೇ.

ಇನ್ನೊಂದು ವಿಷಯ. ಈ ನಡಿಗೆಯ ನಕ್ಷೆಗೆ ಪಶ್ಚಿಮವಾಹಿನಿಯನ್ನು ಸೇರಿಸಬೇಡಿ. ಅಲ್ಲಿ ಜನ ಅಸ್ಥಿ ಬಿಡಲು ಬರುತ್ತಾರೆ. ತಲೆ ಬೋಳಿಸಿಕೊಂಡು ನೀರಿಗಿಳಿದ ಮಗನ ಪಕ್ಕದಲ್ಲಿ ಫೋಟೋ ತೆಗೆಸಿಕೊಳ್ಳುವ ಕಟ್ಟೆ ಬೇಕಿಲ್ಲ. ಅಲ್ಲಿಗೆ ಶುಚಿತ್ವ ಬೇಕು, ಹೊಳೆಗೆ ಬಿಡುವ ಬಟ್ಟೆಗಳನ್ನು ಎತ್ತಿಹಾಕಲು ದಿನವೂ ಇಬ್ಬರು ಬೇಕು, ಅಷ್ಟೇ.

ಶ್ರೀರಂಗಪಟ್ಟಣದ ಸ್ಮಾರಕಗಳು 2014ರಿಂದ ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಯಲ್ಲಿವೆ. ಆ ಪಟ್ಟಿಯಿಂದ ಮುಂದಕ್ಕೆ ಹೋಗುವ ಮೊದಲು ದೇವಸ್ಥಾನದಿಂದ ದರಿಯಾ ದೌಲತ್‌ವರೆಗೆ ಹೋಗಲು ದಾರಿ ಮಾಡಿಕೊಡಿ. ಮೇಜಿನ ಸಭೆಗೂ ಮುನ್ನ ಯಾವುದಾದರೂ ಭಾನುವಾರ ಬೆಳಿಗ್ಗೆ ಆರಕ್ಕೆ, ಬೆಂಗಾವಲು ವಾಹನವಿಲ್ಲದೆ, ಸ್ಮಾರಕ ಸ್ತಂಭದ ಬಳಿ ಬನ್ನಿ. ನಾನು ಕಾದಿರುತ್ತೇನೆ. ಮುಳ್ಳು ಸರಿಸಲು ಒಂದು ಕೋಲು ತರುತ್ತೇನೆ.

ಇತಿ,
ಕೋಟೆಯೊಳಗಿನ ಒಬ್ಬ ನಿವಾಸಿ