ಅವರ ಹೆಸರು ಜೇನ್ ಬಾರ್ನೆಲ್

ಮಾನ್ಯರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಸರ್ಕಸ್ ಸಿನಿಮಾಗಳ ಬಗ್ಗೆ ಬಂದ ಲೇಖನವನ್ನು ಅಂಗಡಿ ಬಾಗಿಲು ಹಾಕಿದ ಮೇಲೆ ಕೂತು ಓದಿದೆ. 1932ರ ‘ಫ್ರೀಕ್ಸ್’ (ಎಂದರೆ ವಿಚಿತ್ರ ರೂಪದವರು) ಚಿತ್ರದ ದೊಡ್ಡ ಫೋಟೋ ಹಾಕಿದ್ದೀರಿ. ನಿರ್ದೇಶಕ ಟಾಡ್ ಬ್ರೌನಿಂಗ್ ಹೆಸರಿದೆ, ಎಂಜಿಎಂ ಸ್ಟುಡಿಯೋ ಹೆಸರಿದೆ. ಫೋಟೋದಲ್ಲಿರುವ ಹೆಣ್ಣುಮಗಳಿಗೆ ಮಾತ್ರ ಹೆಸರಿಲ್ಲ, ‘ಗಡ್ಡದ ಹೆಂಗಸು’ ಎಂದಷ್ಟೇ ಇದೆ. ಲೇಖನದೊಳಗೆ ಅವರನ್ನೂ ಅವರ ಜತೆಗಾರರನ್ನೂ ‘ವಿಕೃತ ಜೀವಿಗಳು’ ಎಂದು ಬರೆದಿದ್ದೀರಿ. ಅಲ್ಲಿಗೆ ಪೇಪರ್ ಮಡಚಿಟ್ಟೆ. ರಾತ್ರಿಯೆಲ್ಲ ಆ ಪದವೇ ತಲೆಯಲ್ಲಿತ್ತು.

ಹಾವೇರಿ ಜಿಲ್ಲೆಯ ಒಂದು ಊರಿನಲ್ಲಿ 22 ವರ್ಷದಿಂದ ಬ್ಯೂಟಿ ಪಾರ್ಲರ್ ನಡೆಸುತ್ತಿದ್ದೇನೆ. ಬೋರ್ಡಿನ ಮೇಲೆ ಹತ್ತು ಗಂಟೆ ಎಂದು ಬರೆಸಿದ್ದರೂ ವಾರದಲ್ಲಿ ಮೂರು ದಿನ ಬೆಳಿಗ್ಗೆ ಏಳಕ್ಕೇ ಶಟರ್ ಅರ್ಧ ಎತ್ತಿಡುತ್ತೇನೆ. ಆ ಹೊತ್ತಿನಲ್ಲಿ ಬರುವವರು ಹುಬ್ಬು ಮಾಡಿಸಲು ಬರುವವರಲ್ಲ. ಸೆರಗನ್ನೋ ವೇಲನ್ನೋ ಗದ್ದಕ್ಕೆ ಹಿಡಿದುಕೊಂಡು ಬಗ್ಗಿ ಒಳಗೆ ಬರುತ್ತಾರೆ. “ಅಕ್ಕಾರ, ಒಳಗ ಯಾರೂ ಇಲ್ಲಲ್ರೀ?” ಎನ್ನುವುದೇ ಮೊದಲ ಮಾತು. ಗದ್ದ, ದವಡೆ, ಕುತ್ತಿಗೆಯ ಕೂದಲನ್ನೆಲ್ಲ ದಾರದಲ್ಲಿ ತೆಗೆಯಲು ಕೆಲವರಿಗೆ ಮುಕ್ಕಾಲು ಗಂಟೆ ಹಿಡಿಯುತ್ತದೆ. ಕಾಲೇಜು ಹುಡುಗಿಯರಿಗೆ ಡಾಕ್ಟರು ಪಿಸಿಒಡಿ, ಅಂದರೆ ಹಾರ್ಮೋನಿನ ಏರುಪೇರು, ಎಂದಿರುತ್ತಾರೆ. ಇನ್ನು ಕೆಲವರಿಗೆ ಮುಟ್ಟು ನಿಂತ ಮೇಲೆ ಗದ್ದದಲ್ಲಿ ಬಿರುಸು ಕೂದಲು ಬಂದಿರುತ್ತದೆ. ಅಜ್ಜಿಗಿತ್ತು, ಅವ್ವನಿಗಿತ್ತು, ನನಗೂ ಬಂತು ಎನ್ನುವವರೂ ಇದ್ದಾರೆ. ದಾರ ಹಾಕಿದರೆ ಕೂದಲು ಇನ್ನೂ ದಪ್ಪ ಬರುತ್ತದೆ ಎಂಬುದು ಸುಳ್ಳು ಎಂದು ಹೇಳಿ ಹೇಳಿ ನನಗೆ ಸಾಕಾಗಿದೆ.

ಒಮ್ಮೆ ಒಬ್ಬಾಕೆ ಕುರ್ಚಿಯಲ್ಲಿ ತಲೆ ಹಿಂದಕ್ಕೆ ಒರಗಿಸಿಕೊಂಡೇ ಹೇಳಿದಳು. ಮನೆಮಂದಿಯೆಲ್ಲ ಟಿವಿ ನೋಡುತ್ತಿದ್ದರಂತೆ. ಮದುಮಗಳ ಸೆರಗು ಸರಿಸಿದರೆ ಮೀಸೆ ಇರುವ ಮುಖ, ಹುಡುಗ ಮೂರ್ಛೆ ಹೋಗುತ್ತಾನೆ, ಎಲ್ಲರೂ ನಗುತ್ತಾರೆ. ಇಂಥ ಹಾಸ್ಯ ದೃಶ್ಯ ನಮ್ಮಲ್ಲಿ ಎಷ್ಟಿಲ್ಲ? ಇವಳು ಒಲೆಯ ಮೇಲೆ ಹಾಲಿದೆ ಎಂದು ಎದ್ದು ಹೋದಳಂತೆ. ಹೇಳುವಾಗ ಕಣ್ಣೀರು ಕಿವಿಯ ಕಡೆಗೆ ಇಳಿಯುತ್ತಿತ್ತು. ಒರೆಸೋಣವೆಂದರೆ ನನ್ನ ಎರಡೂ ಕೈಯಲ್ಲಿ ದಾರವಿತ್ತು.

ಧಾರವಾಡದಲ್ಲಿ ಓದುತ್ತಿರುವ ಮಗಳು ದೀಪಾವಳಿಗೆ ಬಂದಾಗ ‘ಫ್ರೀಕ್ಸ್’ ಚಿತ್ರವನ್ನು ಲ್ಯಾಪ್‌ಟಾಪಿನಲ್ಲಿ ಹಾಕಿ ತೋರಿಸಿದ್ದಳು. ನಿಮ್ಮ ಲೇಖಕರು ಭಯಾನಕ ಚಿತ್ರ ಎಂದು ಒಂದೇ ಮಾತಿನಲ್ಲಿ ಮುಗಿಸಿದ್ದಾರೆ. ನನ್ನ ಮನಸ್ಸಿನಲ್ಲಿ ಉಳಿದದ್ದು ಬೇರೆ. ಗಡ್ಡವಿರುವ ತಾಯಿ ಆಗತಾನೇ ಹೆತ್ತು ಹಾಸಿಗೆಯಲ್ಲಿ ಮಲಗಿದ್ದಾಳೆ. ಸರ್ಕಸ್ಸಿನ ಗೆಳೆಯರೆಲ್ಲ ಬಾಣಂತಿಯನ್ನೂ ಕೂಸನ್ನೂ ನೋಡಲು ಸೇರಿದ್ದಾರೆ. ಹುಟ್ಟಿದ್ದು ಹೆಣ್ಣು, ಅದಕ್ಕೂ ಗಡ್ಡ ಬರುತ್ತದೆ ಎಂದು ಸಂಭ್ರಮಪಡುತ್ತಾರೆ. “ನನ್ನ ಮಗಳಿಗೂ ಹಿಂಗ ಬಂದ್ರ ಏನ್ ಗತಿ ಅಕ್ಕಾರ?” ಎಂದು ಕೇಳುವ ತಾಯಂದಿರನ್ನೇ ನೋಡುತ್ತ ಬಂದವಳು ನಾನು. ಆ ದೃಶ್ಯವನ್ನು ಮಗಳಿಗೆ ಹೇಳಿ ಮತ್ತೊಮ್ಮೆ ಹಾಕಿಸಿಕೊಂಡೆ. ಕೈಕಾಲಿಲ್ಲದ ಪ್ರಿನ್ಸ್ ರಾಂಡಿಯನ್ ಬರೀ ಬಾಯಿಂದಲೇ ಕಡ್ಡಿ ಗೀರಿ ಸಿಗರೇಟು ಹಚ್ಚಿಕೊಳ್ಳುವುದನ್ನೂ ಬೆರಗಾಗಿ ನೋಡಿದೆ. ಅವರು ಬ್ರಿಟಿಷ್ ಗಯಾನಾದಲ್ಲಿ ಹುಟ್ಟಿದ ಭಾರತೀಯ ಮೂಲದವರು ಎಂದು ಆಮೇಲೆ ಓದಿ ತಿಳಿದೆ.

ಆದರೆ ಕೊನೆಯ ಹತ್ತು ನಿಮಿಷ ನನಗೆ ಸಹಿಸಲಾಗಲಿಲ್ಲ. ಅಲ್ಲಿಯವರೆಗೆ ನಮ್ಮ ನಿಮ್ಮಂತೆ ಬಾಳುತ್ತಿದ್ದವರನ್ನು ಮಳೆಯಲ್ಲಿ, ಕೆಸರಿನಲ್ಲಿ, ಚಾಕು ಹಿಡಿಸಿ ತೆವಳಿಸುತ್ತಾರೆ. ಅದನ್ನು ಕಂಡು ನಾವು ಹೆದರಬೇಕೆಂದು. ಚಿತ್ರೀಕರಣದ ದಿನಗಳಲ್ಲಿ ಇವರಲ್ಲಿ ಹೆಚ್ಚಿನವರಿಗೆ ಸ್ಟುಡಿಯೋದ ಊಟದ ಮನೆಯೊಳಗೆ ಜಾಗವಿರಲಿಲ್ಲ. ಇವರನ್ನು ನೋಡುತ್ತ ಊಟ ಸೇರುವುದಿಲ್ಲ ಎಂದು ಉಳಿದವರು ತಕರಾರು ಮಾಡಿದ್ದಕ್ಕೆ ಹೊರಗೆ ಮೇಜು ಹಾಕಿದರು. ಸುಮಾರು 90 ನಿಮಿಷದ ಚಿತ್ರವನ್ನು 64 ನಿಮಿಷಕ್ಕೆ ಕತ್ತರಿಸಿದ್ದು, ಬ್ರಿಟನ್ನಿನಲ್ಲಿ 30 ವರ್ಷ ನಿಷೇಧಿಸಿದ್ದು ನಿಮ್ಮ ಲೇಖನದಲ್ಲಿದೆ. ಈ ಊಟದ ವಿಷಯ ಇಲ್ಲ.

ಫೋಟೋದಲ್ಲಿರುವವರ ಹೆಸರು ಜೇನ್ ಬಾರ್ನೆಲ್. ಚಿತ್ರದಲ್ಲಿ ಓಲ್ಗಾ ರಾಡರಿಕ್ ಎಂಬ ರಂಗದ ಹೆಸರಿನಲ್ಲಿ ಬಂದಿದ್ದಾರೆ. ಹುಟ್ಟಿದ್ದು 1871ರಲ್ಲಿ, ಅಮೆರಿಕದ ನಾರ್ತ್ ಕೆರೊಲಿನಾದ ವಿಲ್ಮಿಂಗ್ಟನ್‌ನಲ್ಲಿ. ಅವರೇ ಹೇಳಿಕೊಂಡಂತೆ, ತಂದೆ ಊರಲ್ಲಿಲ್ಲದ ಹೊತ್ತಿನಲ್ಲಿ ತಾಯಿಯೇ ನಾಲ್ಕು ವರ್ಷದ ಕೂಸನ್ನು ಸರ್ಕಸ್ ಕಂಪನಿಗೆ ಕೊಟ್ಟುಬಿಟ್ಟಳು. ಕಂಪನಿಯ ಜತೆ ಯುರೋಪಿಗೆ ಹೋಗಿ, ಬರ್ಲಿನ್ನಿನಲ್ಲಿ ಕಾಯಿಲೆ ಬಿದ್ದು, ಅನಾಥಾಲಯ ಸೇರಿದ್ದ ಮಗಳನ್ನು ತಂದೆ ಹುಡುಕಿಕೊಂಡು ಹೋಗಿ ಕರೆತಂದ. ಹರೆಯದಲ್ಲಿ ಗಡ್ಡ ಬೋಳಿಸಿಕೊಂಡು ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಕಲಿಯತೊಡಗಿದರು. ಅದು ಕೈಗೂಡದೆ ಮತ್ತೆ ಸರ್ಕಸ್ಸಿಗೇ ಹೋದರು. ಇದೆಲ್ಲ ಇಂದು ನಮಗೆ ಗೊತ್ತಿರುವುದು 1940ರಲ್ಲಿ ‘ನ್ಯೂಯಾರ್ಕರ್’ ಪತ್ರಿಕೆಯ ಬರಹಗಾರರೊಬ್ಬರು ಅವರ ಎದುರು ಕೂತು ಕೇಳಿ ಬರೆದದ್ದರಿಂದ.

ಆ ಬರಹದಲ್ಲೇ ಅವರು ‘ಫ್ರೀಕ್ಸ್’ ಬಗ್ಗೆಯೂ ಮಾತಾಡಿದ್ದಾರೆ. ಅದು ತಮ್ಮಂಥವರಿಗೆಲ್ಲ ಮಾಡಿದ ಅವಮಾನ, ಅದರಲ್ಲಿ ನಟಿಸಿದ್ದಕ್ಕೆ ಪಶ್ಚಾತ್ತಾಪವಿದೆ ಎಂದಿದ್ದಾರೆ. ಇದನ್ನು ತಿಳಿದು ನನಗೆ ಕಸಿವಿಸಿಯಾಯಿತು. ನಾನು ಎರಡು ಸಲ ನೋಡಿದ ಆ ಬಾಣಂತಿಯ ದೃಶ್ಯ ಈಗಲೂ ನನಗೆ ಇಷ್ಟವೇ. ಆದರೂ ಆ ಚಿತ್ರದ ಬಗ್ಗೆ ನನ್ನ ಮಾತಿಗಿಂತ, ನಿಮ್ಮ ಲೇಖಕರ ಮಾತಿಗಿಂತ, ಆ ಹಾಸಿಗೆಯಲ್ಲಿ ಮಲಗಿ ನಟಿಸಿದವರ ಮಾತಿಗೆ ತೂಕ ಹೆಚ್ಚು. ಇಡೀ ಪುಟದಲ್ಲಿ ಅದಕ್ಕೆ ಒಂದು ಸಾಲೂ ಸಿಗಲಿಲ್ಲವಲ್ಲ!

2017ರ ‘ದಿ ಗ್ರೇಟೆಸ್ಟ್ ಶೋಮ್ಯಾನ್’ ಚಿತ್ರವನ್ನು ಹೊಗಳಿದ್ದೀರಿ. ಅಂಟಿಸಿದ ಗಡ್ಡದಲ್ಲಿ ಕೀಲಾ ಸೆಟಲ್ ಎದೆ ತುಂಬಿ ಹಾಡುತ್ತಾರೆ, ಅದು ನಿಜ. ಆದರೆ ಅಲ್ಲಿ ಗಡ್ಡದ ಗಾಯಕಿಯನ್ನು ಚಿತ್ರದ ನಾಯಕನಾದ ಸರ್ಕಸ್ ಮಾಲೀಕ ಬಾರ್ನಮ್, ಅವಳು ದೊಡ್ಡವಳಾದ ಮೇಲೆ ಕಂಡು ಕರೆತರುತ್ತಾನೆ. ನಿಜವಾದ ಬಾರ್ನಮ್ ಮುಖದ ಮೇಲೆ ಕೂದಲಿದ್ದ ಆನಿ ಜೋನ್ಸ್ ಎಂಬ ಮಗುವನ್ನು ಎಳೆಗೂಸಾಗಿದ್ದಾಗಲೇ ಪ್ರದರ್ಶನಕ್ಕಿಟ್ಟಿದ್ದ. ಅದೇ ಆನಿ ದೊಡ್ಡವರಾದ ಮೇಲೆ ತಮ್ಮಂಥವರನ್ನು ‘ಫ್ರೀಕ್’ ಎಂದು ಕರೆಯಬೇಡಿ ಎಂದು ದನಿ ಎತ್ತಿದರು. ಅವರು ತೀರಿಕೊಂಡದ್ದು 1902ರಲ್ಲಿ. ಅವರು ಬೇಡವೆಂದ ಪದಕ್ಕಿಂತ ಕಟುವಾದದ್ದನ್ನು ನೀವು ಈಗ ಕನ್ನಡದಲ್ಲಿ ಅಚ್ಚು ಹಾಕಿದ್ದೀರಿ. ಸರ್ಕಸ್ ಕಲಾವಿದೆ ಎಂದು ಬರೆದಿದ್ದರೆ ಸಾಕಿತ್ತು.

ಮುಂದಿನ ಪುರವಣಿಯಲ್ಲಿ ಆ ಫೋಟೋ ಮತ್ತೆ ಹಾಕಿ, ಕೆಳಗೆ ಜೇನ್ ಬಾರ್ನೆಲ್ ಎಂದು ಬರೆಯಿರಿ. ಚಿತ್ರದ ಬಗ್ಗೆ ಅವರು ಹೇಳಿದ್ದನ್ನೂ ಜತೆಗೆ ಹಾಕಿ.

ಈ ಪತ್ರದ ಕೆಳಗೆ ಮಾತ್ರ ನನ್ನ ಹೆಸರು, ಊರು ಹಾಕಬೇಡಿ ಎಂದು ಕೇಳಿಕೊಳ್ಳುತ್ತೇನೆ. ಹಾಕಿದರೆ ನಾಳೆಯಿಂದ ಬೆಳಿಗ್ಗೆ ಏಳಕ್ಕೆ ನನ್ನ ಶಟರ್ ಕೆಳಗೆ ಬಗ್ಗಿ ಬರುವವರು ಯಾರೆಂದು ಓಣಿಯವರು ನೋಡುತ್ತ ನಿಲ್ಲುತ್ತಾರೆ.

ಇತಿ,
ಹಾವೇರಿ ಜಿಲ್ಲೆಯ ಓದುಗರೊಬ್ಬರು